‘ಸಖೀಗೀತ’ದ ಒಲವು

ಒಲವು ಮರ್ತ್ಯ, ಕಾವ್ಯ ಅಮರ ಎಂಬ ಮಾತು ಬಹು ಹಳೆಯದು. ಷೇಕ್ಸ್‌ಪಿಯರನ ಸುನೀತಗಳು 1609ರಲ್ಲಿ ಅಚ್ಚಾದವು. ಪ್ರಿಯನಿಗೆ ಅಮರತ್ವದ ವಚನವಿತ್ತ ಅವುಗಳಲ್ಲಿ ಆ ಪ್ರಿಯನ ಹೆಸರೇ ಇಲ್ಲ. ಒಲವು ಮಾತ್ರ ಉಳಿದಿದೆ.

ನಮ್ಮ ನೆಲಕ್ಕೆ ನಂಟುಳ್ಳ ನಿದರ್ಶನ ಬೇಂದ್ರೆಯವರದು. ಅವರು 1944ರಿಂದ 1956ರ ವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅದಕ್ಕೆ ಮುನ್ನವೇ, 1937ರಲ್ಲಿ, ಅವರ ‘ಸಖೀಗೀತ’ ಹೊರಬಂದಿತ್ತು. ಪತಿಯು ಸತಿಯನ್ನು ಸಖಿಯೆಂದು ಕರೆದು ದಾಂಪತ್ಯದ ಸುಖದುಃಖಗಳನ್ನು ತೋಡಿಕೊಳ್ಳುವ ಕಾವ್ಯವದು. ಬಡತನವನ್ನೂ ಮಕ್ಕಳ ಮರಣವನ್ನೂ ಉಂಡ ಬಾಳು ಅವರದು. ಆದುದರಿಂದಲೇ ಅಲ್ಲಿಯ ಒಲವು ಸಾವನ್ನು ಮರೆತ ಒಲವಲ್ಲ, ಸಾವನ್ನು ಕಂಡೂ ಕೈಬಿಡದ ಒಲವು. ಸಖಿಯೆಂಬ ಒಂದು ಕರೆ ಒಬ್ಬರ ಮನೆಯ ಮಾತಾಗಿ ಹುಟ್ಟಿ ಎಲ್ಲ ಮನೆಗಳ ಮಾತಾಯಿತು. ಕವಿ 1981ರಲ್ಲಿ ತೀರಿಕೊಂಡರು, ಕರೆ ನಿಂತಿಲ್ಲ.

ಹಾಗಾದರೆ ಕಾವ್ಯಕ್ಕೆ ಸಾವೇ ಇಲ್ಲವೇ? ಇದೆ. ಓದುವ ನಾಲಗೆ ಬತ್ತಿದ ದಿನ ಅದೂ ಮೂಕವಾಗುತ್ತದೆ. 1948ರಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಸೊಲ್ಲಾಪುರ, ಅಕ್ಕಲಕೋಟೆಗಳೆರಡೂ ಮಹಾರಾಷ್ಟ್ರಕ್ಕೆ ಸೇರಿದವು. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಕನ್ನಡ ಓದದಿದ್ದರೆ ಈ ಸಖಿಯ ಕರೆ ಅದಕ್ಕೆ ಕೇಳಿಸದು. ಒಲವನ್ನು ಕವಿ ಒಮ್ಮೆ ಅಮರಗೊಳಿಸುತ್ತಾನೆ. ಆ ಅಮರತ್ವವನ್ನು ವರ್ಷವರ್ಷವೂ ನವೀಕರಿಸುವ ಭಾರ ಗಡಿನಾಡಿನ ಕನ್ನಡ ಶಿಕ್ಷಕನದು. ತರಗತಿಯಲ್ಲಿ ಒಂದು ಪದ್ಯವನ್ನು ಗಟ್ಟಿಯಾಗಿ ಓದಿದರೂ ಆ ಭಾರದ ಒಂದು ಪಾಲನ್ನು ಹೊತ್ತಂತೆಯೇ.