ರದ್ದಾದ ಕಾಯ್ದೆ, ಉಳಿದ ರಿಜಿಸ್ಟರು: ವಿಮುಕ್ತ ಸಮುದಾಯಗಳು ಮತ್ತು ಠಾಣೆಯ ದಾಖಲೆ

ಅಪರಾಧವನ್ನು ಕುರಿತ ನಮ್ಮ ಅಧ್ಯಯನಗಳಿಗೆ ಮುಖ್ಯ ಆಕರ ಪೊಲೀಸ್ ದಾಖಲೆ. ಅಪರಾಧ ಎಲ್ಲಿ ನಡೆಯಿತು ಎಂಬುದರ ಜೊತೆಗೆ ಪೊಲೀಸರು ಎಲ್ಲಿ ಹುಡುಕಿದರು ಎಂಬುದೂ ಆ ದಾಖಲೆಯಲ್ಲಿ ಬೆರೆತಿರುತ್ತದೆ. ಇವೆರಡನ್ನು ಬೇರ್ಪಡಿಸದೆ ಅಂಕಿಸಂಖ್ಯೆ ಎತ್ತಿಕೊಂಡರೆ ಹಳೆಯ ಗುಮಾನಿಯೇ ಹೊಸ ಸಂಶೋಧನೆಯ ರೂಪದಲ್ಲಿ ಮರಳುತ್ತದೆ. ಬ್ರಿಟಿಷ್ ಕಾಲದ ಕಾನೂನು 'ಅಪರಾಧಿ'ಗಳೆಂದು ಪಟ್ಟಿಮಾಡಿ, ಸ್ವಾತಂತ್ರ್ಯಾನಂತರ ಆ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಸಮುದಾಯಗಳ ಚರಿತ್ರೆಯಲ್ಲಿ ಇದು ಕಣ್ಣಿಗೆ ರಾಚುವಷ್ಟು ಸ್ಪಷ್ಟವಾಗಿದೆ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಜಾರಿಯಾದದ್ದು ಉತ್ತರ ಭಾರತದಲ್ಲಿ. ಸರ್ಕಾರ ಒಂದು ಪಂಗಡವನ್ನು 'ಅಪರಾಧಿ' ಎಂದು ಅಧಿಸೂಚಿಸಿದರೆ ಅದರ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಆಗ ವೈಸ್‌ರಾಯ್ ಪರಿಷತ್ತಿನ ಕಾನೂನು ಸದಸ್ಯನಾಗಿದ್ದವನು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಮರುವರ್ಷ, 1872ರಲ್ಲಿ, ಅವನೇ ರಚಿಸಿದ ಸಾಕ್ಷ್ಯ ಅಧಿನಿಯಮ ಬಂತು. ಆರೋಪಿ ತನ್ನ ಸನ್ನಡತೆಗೆ ಸಾಕ್ಷ್ಯ ಒದಗಿಸದ ಹೊರತು ಅವನ ದುರ್ನಡತೆ ಅಪ್ರಸ್ತುತ ಎಂದು ಅದರ 54ನೇ ಪ್ರಕರಣ ಹೇಳಿತು. ಕಟಕಟೆಯಲ್ಲಿ ನಿಂತ ವ್ಯಕ್ತಿಯ ಬಗ್ಗೆ ನ್ಯಾಯಾಧೀಶ ಏನನ್ನು ಕೇಳಬಾರದೋ ಅದನ್ನೇ ಠಾಣೆ ಒಂದಿಡೀ ಕುಲದ ಬಗ್ಗೆ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಹೀಗೆ ಒಂದೇ ಕಾಲದಲ್ಲಿ, ಒಂದೇ ಕಚೇರಿಯಿಂದ ಹೊರಟಿತು. ನಮ್ಮ ಅಪರಾಧ ನ್ಯಾಯಪದ್ಧತಿಯ ಈ ಒಡಕಿಗೆ ವಿದ್ವಾಂಸರು ಸಾಕಷ್ಟು ಗಮನ ಕೊಟ್ಟಿಲ್ಲವೆಂದೇ ನನ್ನ ಅಭಿಪ್ರಾಯ.

1911ರ ಕಾಯ್ದೆ ದಕ್ಷಿಣಕ್ಕೂ ವಿಸ್ತರಿಸಿತು. ಬೆರಳಚ್ಚು, ಹಾಜರಿ, ವಾಸಸ್ಥಳದ ನಿರ್ಬಂಧ, ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವ ಅಧಿಕಾರ ಎಲ್ಲವೂ ಅದರಲ್ಲಿದ್ದವು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ವಸಾಹತುಗಳು ಎದ್ದವು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಬೇಲಿಯೊಳಗೆ ಕುಟುಂಬಗಳನ್ನು ಕೂಡಿಹಾಕಿ, ದಿನವೂ ಹೆಸರು ಕೂಗಿ, ಪಾಸು ಕೊಟ್ಟು ಗಿರಣಿಯ ಕೂಲಿಗೆ ಕಳಿಸಲಾಗುತ್ತಿತ್ತು. ಈ ಆಡಳಿತದ ರೂವಾರಿ ಐಸಿಎಸ್ ಅಧಿಕಾರಿ ಸ್ಟಾರ್ಟ್. ಸುಧಾರಣೆ ಎಂದು ಕರೆಯಲಾದ ಈ ಏರ್ಪಾಡು ಗಿರಣಿಗಳಿಗೆ ಓಡಿಹೋಗಲಾರದ ಕೂಲಿಗಳನ್ನು ಒದಗಿಸಿತು. ಹುಬ್ಬಳ್ಳಿ, ಗದಗಗಳಲ್ಲಿ ಆ ವಸಾಹತುಗಳಿದ್ದ ಬಡಾವಣೆಗಳಿಗೆ ಇಂದಿಗೂ 'ಸೆಟ್ಲಮೆಂಟ್' ಎಂದೇ ಹೆಸರು.

ಈ ಜನ 'ಅಪರಾಧಿ'ಗಳಾದದ್ದು ಹೇಗೆ? ಕೊರಮ, ಕೊರಚರು ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ವ್ಯಾಪಾರಿಗಳು. ಲಂಬಾಣಿಗರು ದಂಡುಗಳಿಗೆ ದವಸ ಮುಟ್ಟಿಸುತ್ತಿದ್ದವರು. ರೈಲು ಬಂತು, ಉಪ್ಪು ಸರ್ಕಾರದ ಹಿಡಿತಕ್ಕೆ ಹೋಯಿತು, ಕಾಡಿಗೆ ಕಾಯ್ದೆ ಬಂತು; ಅವರ ಕಸುಬು ಕೈತಪ್ಪಿತು. ಮದ್ರಾಸ್ ಪ್ರಾಂತ್ಯದ ಕೊರವರನ್ನು ಕುರಿತ ಮೀನಾ ರಾಧಾಕೃಷ್ಣ ಅವರ ಅಧ್ಯಯನ ಈ ಸರಪಳಿಯನ್ನು ಬಿಡಿಸಿ ತೋರಿಸಿದೆ. ಕಸುಬು ಕಳೆದುಕೊಂಡವರ ಅಲೆದಾಟವನ್ನೇ ಸರ್ಕಾರ ಅಪರಾಧದ ಲಕ್ಷಣವೆಂದು ಓದಿತು.

ಈ ಕಾಯ್ದೆಯನ್ನು ಪರಿಶೀಲಿಸಿದ ಅಯ್ಯಂಗಾರ್ ಸಮಿತಿಯ ಶಿಫಾರಸಿನ ನಂತರ 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು, ನಮ್ಮಲ್ಲಿ 1961ರದ್ದು. ಇವು ಜಾತಿಯ ಬದಲು ಶಿಕ್ಷೆಗೊಳಗಾದ ವ್ಯಕ್ತಿಯನ್ನು ಗುರಿಯಾಗಿಸಿದವು. ಕಾಗದದ ಮೇಲೆ ಇದು ದೊಡ್ಡ ಬದಲಾವಣೆ. ಆದರೆ ಯಾರನ್ನು ಮೊದಲು ಹಿಡಿದು ತರಬೇಕು, ಊರಲ್ಲಿ ಕಳವಾದರೆ ಯಾವ ಗುಡಿಸಲ ಬಾಗಿಲು ತಟ್ಟಬೇಕು ಎಂಬುದನ್ನು ಬೀಟಿನ ಪೇದೆಗೆ ತಿಳಿಸುತ್ತಿದ್ದದ್ದು ರದ್ದಾದ ಕಾಯ್ದೆಯಡಿ ಕುಲಗಳ ಹೆಸರು ಬರೆದಿಟ್ಟ ಹಳೆಯ ರಿಜಿಸ್ಟರು. ಗುಮಾನಿಯಿಂದ ಬಂಧನ, ಬಂಧನದಿಂದ ದಾಖಲೆ, ಆ ದಾಖಲೆಯೇ ಮುಂದಿನ ಗುಮಾನಿಗೆ ಆಧಾರ. ದುರ್ನಡತೆಯನ್ನು ಹೊರಗಿಡುವ ಸಾಕ್ಷ್ಯ ಕಾನೂನಿನ ರಕ್ಷಣೆ ವಿಚಾರಣೆ ಶುರುವಾದ ಮೇಲಿನದು. ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರಾಗಿರುವಾಗ ಅನೇಕರ ಪಾಲಿಗೆ ಅದು ಬರುವುದೇ ತಡವಾಗಿ.

ಗುಮಾನಿ, ಬಂಧನ, ದಾಖಲೆಗಳ ಈ ಸುತ್ತನ್ನು ಅಂಕಿಗಳಲ್ಲಿ ತೋರಿಸುವುದು ಸುಲಭವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಜೈಲು ವರದಿಯಲ್ಲಿ ವಿಮುಕ್ತರಿಗೆ ಪ್ರತ್ಯೇಕ ಕಾಲಂ ಇಲ್ಲ. ಒಂದೇ ಸಮುದಾಯ ರಾಜ್ಯದಿಂದ ರಾಜ್ಯಕ್ಕೆ ಬೇರೆ ಪಟ್ಟಿಯಲ್ಲಿದೆ: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಠಾಣೆಗೆ ಚೆನ್ನಾಗಿ ಕಾಣುವ ಸಮುದಾಯ ಗಣತಿಗೆ ಕಾಣುವುದಿಲ್ಲ.

2024ರಲ್ಲಿ ಸುಪ್ರೀಂ ಕೋರ್ಟು ಎರಡು ಸಲ ಈ ಪೊಲೀಸ್, ಜೈಲು ದಾಖಲೆಗಳಿಗೆ ಕೈಹಚ್ಚಿತು. ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ, ಹಿಂದುಳಿದ ಸಮುದಾಯಗಳ ನಿರಪರಾಧಿಗಳ ಹೆಸರು ನಿಗಾ ಇಡಬೇಕಾದವರ ಬಗ್ಗೆ ಠಾಣೆ ಬರೆದಿಡುವ ಹಿಸ್ಟರಿ ಶೀಟಿಗೆ ಯಾಂತ್ರಿಕವಾಗಿ ಸೇರದಂತೆ ನೋಡಿಕೊಳ್ಳಬೇಕೆಂದಿತು. ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಜೈಲು ರಿಜಿಸ್ಟರುಗಳ ಜಾತಿ ಕಾಲಂ ತೆಗೆಯಲು ಆದೇಶಿಸಿ, ವಿಮುಕ್ತರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ನಿರ್ದೇಶನ ಕೊಟ್ಟಿತು. ತೀರ್ಪುಗಳು ಸ್ವಾಗತಾರ್ಹ. ಆದರೂ ಕಾಲಂ ಅಳಿಸಿದ ಮಾತ್ರಕ್ಕೆ ಬೀಟಿನ ದಾರಿ ಬದಲಾಗದು. ಜಾತಿಯ ದಾಖಲೆಯೇ ಇಲ್ಲವಾದರೆ ತಾರತಮ್ಯವನ್ನು ರುಜುವಾತುಪಡಿಸುವ ಹಾದಿಯೂ ಕಿರಿದಾಗುತ್ತದೆ. ಆಡಳಿತದ ರಿಜಿಸ್ಟರಿನಿಂದ ಜಾತಿ ಹೋಗಲಿ, ಹೆಸರು ಮರೆಮಾಡಿದ ಸಂಶೋಧನಾ ದತ್ತಾಂಶದಲ್ಲಿ ಉಳಿಯಲಿ.

ಹಳೆಯ ವಸಾಹತುಗಳಿದ್ದ ಜಿಲ್ಲೆಗಳಿಂದಲೇ ಇಂಥ ಸಂಶೋಧನೆಯ ಕೆಲಸ ಆರಂಭವಾಗಬೇಕು. ವಿಶ್ವವಿದ್ಯಾಲಯಗಳ ಅಪರಾಧಶಾಸ್ತ್ರ ವಿಭಾಗಗಳು ಬಂಧನದ ದಾಖಲೆಗಳನ್ನು ನ್ಯಾಯಾಲಯದ ಅಂತಿಮ ತೀರ್ಪುಗಳ ಪಕ್ಕದಲ್ಲಿಟ್ಟು ಓದಲಿ. ಅದಕ್ಕೆ ಬೇಕಾದ ರಿಜಿಸ್ಟರುಗಳನ್ನು ಗೃಹ ಇಲಾಖೆ ಸಂಶೋಧಕರಿಗೆ ತೆರೆದಿಡಲಿ.