ಕ್ಯೋಟೋ ದಾರಿ ಹಿಡಿದ ಲಿಸ್ಪ್
ಲಿಸ್ಪ್ ತನ್ನದೇ ಲೋಕ ಕಟ್ಟಿಕೊಂಡು ಕೂತ ಭಾಷೆ ಎಂಬ ಮಾತಿದೆ. 1958ರಲ್ಲಿ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಈ ಭಾಷೆಯ ಮಟ್ಟಿಗೆ ಅದು ಬಹುಕಾಲ ನಿಜವೂ ಆಗಿತ್ತು; ಮೆಮೊರಿಯಲ್ಲಿದ್ದುದನ್ನೆಲ್ಲ ಇಡಿಯಾಗಿ ಒಂದು ಫೈಲಿಗೆ ಇಳಿಸಿಡುವುದು ಅದರ ರೂಢಿ. ಸಿ ಪ್ರೋಗ್ರಾಮೊಂದು ಕರೆದು ಬಳಸಬಲ್ಲ ಲೈಬ್ರರಿಯಾಗಿ ಲಿಸ್ಪ್ ಮಾರ್ಪಟ್ಟದ್ದರ ಮೂಲವನ್ನು ಹುಡುಕಬೇಕಾದದ್ದು ಲಿಸ್ಪ್ ಯಂತ್ರಗಳ ಅಮೆರಿಕದಲ್ಲಲ್ಲ, ಜಪಾನಿನಲ್ಲಿ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 1984ರ ಸುಮಾರಿಗೆ ತಾಯಿಚಿ ಯುವಾಸಾ ಮತ್ತು ಮಸಾಮಿ ಹಗಿಯಾ ರೂಪಿಸಿದ ಕ್ಯೋಟೋ ಕಾಮನ್ ಲಿಸ್ಪ್, ಲಿಸ್ಪ್ ಕೋಡನ್ನು ಸಿ ಭಾಷೆಗೆ ತಿರುಗಿಸಿ ಉಳಿದದ್ದನ್ನು ಆಯಾ ಯಂತ್ರದ ಸಿ ಕಂಪೈಲರಿಗೆ ಬಿಟ್ಟಿತು. ಹೀಗೆ ಸಿಕ್ಕ ಆಬ್ಜೆಕ್ಟ್ ಫೈಲುಗಳನ್ನು ಸ್ಟ್ಯಾಟಿಕ್ ಅಥವಾ ಶೇರ್ಡ್ ಲೈಬ್ರರಿಯಾಗಿ ಜೋಡಿಸುವ ಕೆಲಸವನ್ನು ಅದೇ ವಂಶದ ಇಸಿಎಲ್ ಕೈಗೆತ್ತಿಕೊಂಡಿತು. ಅದರ ಮೊದಲ ಶಿಲ್ಪಿ ಇಟಲಿಯ ಜುಸೆಪ್ಪೆ ಅತ್ತಾರ್ದಿ.

ಸಿ ಆಗಿಬಿಟ್ಟ ಮೇಲೆ ಲಿಸ್ಪ್ ಎಲ್ಲಿ ಉಳಿಯಿತು ಎಂದು ಯಾರಾದರೂ ಕೇಳಬಹುದು. ಲೈಬ್ರರಿ ಬಳಸುವ ಕ್ರಮವೇ ಇದಕ್ಕೆ ಉತ್ತರ ಕೊಡುತ್ತದೆ: ಸಿ ಪ್ರೋಗ್ರಾಮು ಮೊದಲು ‘ಸಿಎಲ್ ಬೂಟ್’ ಫಂಕ್ಷನನ್ನು ಕರೆಯಬೇಕು, ಆಮೇಲೆ ಲೈಬ್ರರಿಯ ಇನಿಟ್ ಫಂಕ್ಷನನ್ನು. ಆಗಲೇ ಸಿಂಬಲ್‌ಗಳು ಹುಟ್ಟುವುದು, ವ್ಯಾಖ್ಯೆಗಳು ಜೀವ ತಳೆಯುವುದು. ಕಸ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಸಮೇತ ರನ್‌ಟೈಮ್ ಜೊತೆಗಿರಲೇಬೇಕು; ಸ್ಟ್ಯಾಟಿಕ್ ಎಂದ ಮಾತ್ರಕ್ಕೆ ಅದು ತಪ್ಪದು. ಇದು ಹೊರೆ ಎನ್ನುವವರ ಮಾತು ಸುಳ್ಳಲ್ಲ. ಆದರೂ ಸೇಜ್ ಎಂಬ ಗಣಿತ ತಂತ್ರಾಂಶ, ಲಿಸ್ಪಿನಲ್ಲಿ ಬರೆದ ಮ್ಯಾಕ್ಸಿಮಾವನ್ನು ಇಸಿಎಲ್ ಮೂಲಕ ತನ್ನೊಳಗೇ ಓಡಿಸಿಕೊಳ್ಳುತ್ತದೆ.