ಮಾಳಿಗೆಯ ಮಣ್ಣಿನ ಭಾರ: ಗೋರ್ಟಾ (ಬಿ) ಪರಿಸರದ ಸಮತಟ್ಟು ಚಾವಣಿಗಳ ಸುರಕ್ಷತೆ ಮತ್ತು ಸಾಮಗ್ರಿಯ ಆಯ್ಕೆ

ಬಸವಕಲ್ಯಾಣ ಪಟ್ಟಣದ ಚಿಲ್ಲಾ ಗಲ್ಲಿಯಲ್ಲಿ 2019ರ ಜೂನ್ 26ರ ನಸುಕಿನಲ್ಲಿ ಹಳೆಯ ಮನೆಯೊಂದರ ಚಾವಣಿ ಕುಸಿದು, ಮಲಗಿದ್ದ ಗಂಡ ಹೆಂಡತಿ ಮತ್ತು ಅವರ ನಾಲ್ವರು ಮಕ್ಕಳು ಸತ್ತರು. ಆಗಿನ್ನೂ ಮುಂಗಾರು ಆರಂಭದ ದಿನಗಳು. ಮಳೆಗಾಲದ ಕೊನೆಯಲ್ಲಿ, ಗೋಡೆಗಳೆಲ್ಲ ನೆನೆದ ಮೇಲೆ ಮನೆ ಬೀಳುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸಮತಟ್ಟು ಚಾವಣಿಗೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳ ಮಟ್ಟಿಗೆ ಈ ಎಣಿಕೆ ಸಾಲದು. ಮೊದಲ ಮಳೆಗೆ ಸ್ವಲ್ಪ ಮುಂಚೆ ಮೇಲೆ ಏನು ನಡೆದಿರುತ್ತದೆ ಎಂಬುದನ್ನೂ ನೋಡಬೇಕು.

ಗೋರ್ಟಾ (ಬಿ) ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ. ಆ ಚರಿತ್ರೆಯ ಬಗ್ಗೆ ಬರೆದವರಿದ್ದಾರೆ. ಇಲ್ಲಿ ನನ್ನ ಆಸಕ್ತಿ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಇಂಥ ಊರುಗಳ ಮನೆಗಳ ಮೇಲಿರುವ ಮಣ್ಣಿನದು. ಒಂದೇ ಮಾತನ್ನು ಸ್ಥಾಪಿಸುವುದು ಈ ಲೇಖನದ ಉದ್ದೇಶ: ನಮ್ಮ ಮಾಳಿಗೆಗಳ ಶತ್ರು ಮಣ್ಣಲ್ಲ, ವರ್ಷ ವರ್ಷ ಏರುತ್ತ ಹೋದ ಭಾರ. ಸೋರುವುದನ್ನು ತಡೆಯಲು ಮಾಡುವ ಕೆಲಸವೇ ಕುಸಿತಕ್ಕೆ ದಾರಿಯಾಗುತ್ತಿದೆ. ಹೊಸ ಸಾಮಗ್ರಿ ಆರಿಸುವಾಗಲೂ ಸೋರಿಕೆಯೊಂದನ್ನೇ ನೋಡಿದರೆ ಅಪಾಯ ರೂಪ ಬದಲಿಸುತ್ತದೆ, ಹೋಗುವುದಿಲ್ಲ.

ಈ ಭಾಗದ ಮಾಳಿಗೆಯ ರಚನೆ ಹೀಗಿದೆ. ಕಂಬಗಳ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಗಳ ಮೇಲೆ ಹಲಗೆ. ಹಲಗೆ ಹೊಂದಿಸಲಾಗದವರು ತೊಗರಿ ಕಟ್ಟಿಗೆಯನ್ನೋ ಸಣ್ಣ ಟೊಂಗೆಗಳನ್ನೋ ಒತ್ತಾಗಿ ಹಾಸುತ್ತಾರೆ. ಅದರ ಮೇಲೆ ಹುಳ ಹಿಡಿಯದಿರಲೆಂದು ಬೇವಿನ ಸೊಪ್ಪು, ಆಮೇಲೆ ಹದಗೊಳಿಸಿದ ಕೆಸರು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ನಡುವೆ ಬೆಳಕಿಂಡಿ, ಅಂಚಿಗೆ ಕುಂಬಿ, ಕುಂಬಿಯಲ್ಲಿ ನೀರು ಹೊರಬೀಳಲು ದೋಣಿ. ಬೇಸಿಗೆಯಲ್ಲಿ ಕಾಳು, ಮೆಣಸಿನಕಾಯಿ, ಸಂಡಿಗೆ ಒಣಗುವುದು ಅಲ್ಲೇ, ರಾತ್ರಿ ಮನೆಮಂದಿ ಮಲಗುವುದೂ ಅಲ್ಲೇ. ಆದ್ದರಿಂದ ಇದು ಬರಿಯ ಹೊದಿಕೆಯಲ್ಲ, ಮನೆಯ ಇನ್ನೊಂದು ಅಂಗಳ.

ಸವಳು ಮಣ್ಣಿನ ಆಯ್ಕೆಯಲ್ಲಿ ಹಿರಿಯರ ಸೂಕ್ಷ್ಮ ಅರಿವಿದೆ. ಹೊಲದ ತುಂಬ ಸಿಗುವ ಎರೆಮಣ್ಣನ್ನು ಅವರು ಮೇಲ್ಪದರಕ್ಕೆ ಬಳಸಲಿಲ್ಲ. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಾಯಿ ಬಿಡುತ್ತದೆ. ಸವಳಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ತುಂಬುತ್ತವೆ, ನೀರು ಕೆಳಗಿಳಿಯುವ ದಾರಿ ಮುಚ್ಚುತ್ತದೆ. ಬೆಳೆಗೆ ಕೆಟ್ಟ ಮಣ್ಣು ಮಾಳಿಗೆಗೆ ಒಳ್ಳೆಯದಾಗುವುದು ಈ ಕಾರಣಕ್ಕೆ. ಆದರೆ ಬಿಡಿಯಾದ ಕಣಗಳು ಹರಿವ ನೀರಿನ ಜೊತೆ ಸುಲಭವಾಗಿ ಹೊರಟೂ ಹೋಗುತ್ತವೆ. ಅದಕ್ಕೇ ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹಾಕಬೇಕು. ಹಾಕುವ ಮುನ್ನ ಹಳೆಯದನ್ನು ಕೆರೆದು ತೆಗೆಯದಿದ್ದರೆ? ಕೂಲಿ ಉಳಿಯುತ್ತದೆ, ಪದರ ಬೆಳೆಯುತ್ತದೆ.

ಇದನ್ನು ಲೆಕ್ಕದಲ್ಲಿ ನೋಡೋಣ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆಯ ಚಾವಣಿ ಸುಮಾರು 11 ಚದರ ಮೀಟರ್. ಒಣ ಮಣ್ಣು ಘನ ಮೀಟರಿಗೆ ಸುಮಾರು 1,600 ಕಿಲೋ ತೂಗುತ್ತದೆ, ನೆನೆದದ್ದು 1,900ರ ಆಸುಪಾಸು. ಒಂದು ಅಡಿ ದಪ್ಪದ ಮಣ್ಣಿದ್ದರೆ ಆ ಕೋಣೆಯ ಮೇಲೆ ಬೇಸಿಗೆಯಲ್ಲಿ 5 ಟನ್ನಿಗೂ ಮಿಗಿಲಾದ ಭಾರವಿರುತ್ತದೆ. ಪೂರ್ತಿ ನೆನೆದಾಗ ಅದಕ್ಕೆ ಇನ್ನೊಂದು ಟನ್ನು ಸೇರುತ್ತದೆ. ಪದರ ಎರಡು ಅಡಿಗೆ ಬೆಳೆದಿದ್ದರೆ ಇವೆಲ್ಲ ಇಮ್ಮಡಿ. ವರ್ಷಕ್ಕೆ ಒಂದೇ ಒಂದು ಇಂಚು ಹೊಸ ಮಣ್ಣೆಂದರೆ ನಾಲ್ಕೂವರೆ ಕ್ವಿಂಟಲ್‌ನಷ್ಟು. ಅದರಲ್ಲಿ ಅರ್ಧ ಕೊಚ್ಚಿಹೋದರೂ ಹತ್ತು ವರ್ಷಗಳಲ್ಲಿ 22 ಕ್ವಿಂಟಲ್ ಉಳಿಯುತ್ತದೆ. ಜನ ಹತ್ತಿ ಓಡಾಡುವ ಚಾವಣಿಗೆ, ಅದರ ಸ್ವಂತ ತೂಕವಲ್ಲದೆ, ಚದರ ಮೀಟರಿಗೆ ಸುಮಾರು 150 ಕಿಲೋ ಭಾರವನ್ನು ಲೆಕ್ಕಕ್ಕೆ ಹಿಡಿಯಬೇಕೆನ್ನುತ್ತದೆ ಭಾರತೀಯ ಮಾನಕ 875. ವರ್ಷದ ಪದರಗಳು ಈ ಪ್ರಮಾಣವನ್ನು ಎಂಟು ವರ್ಷಗಳೊಳಗೇ ತಿಂದುಬಿಡುತ್ತವೆ. ಅಜ್ಜನ ಕಾಲದ ತೊಲೆ ಮಾತ್ರ ಅದೇ ಇದೆ.

ಅದೇ ಇದೆ ಎಂಬುದೂ ಪೂರ್ತಿ ನಿಜವಲ್ಲ. ತೊಲೆಯ ನಡುಭಾಗ ಕಣ್ಣಿಗೆ ಕಾಣುತ್ತದೆ, ಗೋಡೆಯೊಳಗೆ ಹೂತ ತುದಿ ಕಾಣುವುದಿಲ್ಲ. ತೇವ ನಿಲ್ಲುವುದು, ಗೆದ್ದಲು ಹತ್ತುವುದು ಅಲ್ಲಿಯೇ. ಹೊರಗಿನಿಂದ ಗಟ್ಟಿಯಾಗಿ ತೋರುವ ಸಾಗವಾನಿ ತೊಲೆಯ ತುದಿ ಒಳಗೆ ಪುಡಿಯಾಗಿರಬಹುದು. ಮುನ್ಸೂಚನೆಗಳು ಇಲ್ಲದಿಲ್ಲ. ಜಂತಿಗಳ ಸಂದಿನಿಂದ ಮಣ್ಣು ಉದುರುವುದು ಹೆಚ್ಚುತ್ತದೆ, ತೊಲೆ ನಡುವಿನಲ್ಲಿ ಬಾಗುತ್ತದೆ, ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಹಿಡಿಯತೊಡಗುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಕೊನೆಯ ಲಕ್ಷಣ ಕಂಡ ಮನೆಯಲ್ಲಿ ಮಳೆಯ ರಾತ್ರಿ ಮಲಗಬಾರದು.

ಭಾರದ ಇನ್ನೊಂದು ಮುಖವನ್ನು ತೋರಿಸಿದ್ದು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರಿಗೆ ಹೊಂದಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ 6.2 ತೀವ್ರತೆಯ ಭೂಕಂಪ ಸಂಭವಿಸಿತು. ಏಳೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ಮನೆಗಳೂ ನಮ್ಮವೇ ಬಗೆಯವು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಾಡುಗಲ್ಲಿನ ಗೋಡೆ, ಮೇಲೆ ದಪ್ಪ ಮಣ್ಣು. ಭೂಮಿ ಅಲುಗಿದಾಗ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ. ಒಳಗೊಂದು ಹೊರಗೊಂದು ಸಾಲು ಕಲ್ಲಿಟ್ಟು ನಡುವೆ ಚೂರುಗಲ್ಲು ತುಂಬಿದ ಗೋಡೆಗಳು ಎರಡಾಗಿ ಸೀಳಿದವು, ಮಲಗಿದ್ದವರ ಮೇಲೆ ಕಲ್ಲು ಮಣ್ಣು ಸುರಿಯಿತು. ಹಲವೆಡೆ ಮರದ ಕಂಬ ತೊಲೆಗಳ ಚೌಕಟ್ಟು ನಿಂತೇ ಇತ್ತು, ಸುತ್ತಲಿನ ಗೋಡೆ ನೆಲಕ್ಕೆ ಬಿದ್ದಿತ್ತು. ನಾವು ಕಲಿಯಬೇಕಾದದ್ದು ಈ ವಿವರದಿಂದ: ಕಂಬಗಳ ಮೇಲೆ ನಿಂತ ಮಾಳಿಗೆ, ಗೋಡೆಯ ಮೇಲೆ ಕೂತ ಮಾಳಿಗೆಗಿಂತ ಹೆಚ್ಚು ನಂಬಿಕೆಗೆ ಅರ್ಹ. ಭೂಕಂಪ ಮಹಾರಾಷ್ಟ್ರದ ಸಂಗತಿ ಎಂದು ಸುಮ್ಮನಿರುವ ಹಾಗೂ ಇಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರ ಸುತ್ತಲಿನ ಜನ ಕಂಪನಕ್ಕೆ ಹೆದರಿ ಮನೆಯ ಹೊರಗೆ ರಾತ್ರಿ ಕಳೆದರು.

ಹಾಗಾದರೆ ಮಣ್ಣಿನ ಬದಲು ಏನು? ಇಂದು ಮೊದಲು ಬರುವ ಉತ್ತರ ಪತ್ರಾ. ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ತಗಡು ಭಾರದ ಭಯವನ್ನು ಒಮ್ಮೆಲೇ ಕಳೆಯುತ್ತದೆ, ಆದರೆ ಗಾಳಿಯ ಭಯ ತರುತ್ತದೆ. ತಗಡನ್ನು ಕೊಕ್ಕೆ ಬೋಲ್ಟುಗಳಿಂದ ಅಡ್ಡಪಟ್ಟಿಗೆ, ಅಡ್ಡಪಟ್ಟಿಯನ್ನು ಗೋಡೆಗೆ ಬಿಗಿಯದೆ, ಹಾರದಿರಲೆಂದು ಮೇಲೆ ಕಲ್ಲು ಹೇರುವ ರೂಢಿ ತೀರ ಅಪಾಯಕಾರಿ. ಗಾಳಿಗೆ ತಗಡು ಎದ್ದರೆ ಆ ಕಲ್ಲು ಮಲಗಿದವರ ತಲೆಯ ಮೇಲೆಯೇ ಬೀಳುವುದು. ಮೇ ತಿಂಗಳಲ್ಲಿ ಪತ್ರಾ ಮನೆಯೊಳಗೆ ಹಗಲು ಇರುವುದೂ ಕಷ್ಟ, ಎಳೆಗೂಸುಗಳಿಗೆ ಮುದುಕರಿಗೆ ಇನ್ನೂ ಕಷ್ಟ. ದಪ್ಪ ಮಣ್ಣು ಹಗಲಿನ ಕಾವನ್ನು ತಡೆದು ನಿಧಾನವಾಗಿ ಒಳಬಿಡುವುದರಿಂದ ಜನ ಮಾಳಿಗೆಯನ್ನು ಬಿಡಲೊಪ್ಪುವುದಿಲ್ಲ. ಇದನ್ನು ಹಳತಿನ ಮೋಹವೆನ್ನುವುದು ತಪ್ಪು, ಅದು ಅನುಭವದ ತೀರ್ಮಾನ. ಕಲ್ನಾರಿನ ಶೀಟನ್ನು ನಾನು ಯಾರಿಗೂ ಸೂಚಿಸಲಾರೆ. ಕಾಲಿಟ್ಟರೆ ಮುರಿದು ಆಳು ಕೆಳಗೆ ಬೀಳುತ್ತಾನೆ, ಅದರ ನಾರು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವುದು ಸಾಬೀತಾದ ಸಂಗತಿ.

ಶಹಾಬಾದಿನ ಪರಸಿ ಈ ನಾಡಿಗೆ ಹತ್ತಿರದ ಸಾಮಗ್ರಿ. 4 ಸೆಂಟಿಮೀಟರ್ ದಪ್ಪದ ಪರಸಿ ಚದರ ಮೀಟರಿಗೆ ಸುಮಾರು 100 ಕಿಲೋ. ಒತ್ತಾದ ಜಂತಿಗಳ ಮೇಲೆ ಹಾಸಿ, ಸಂದು ತುಂಬಿ, ಮೇಲೆ ತೆಳುವಾದ ಗಚ್ಚು ಹಾಕಿದರೆ ಒಂದು ಅಡಿ ಮಣ್ಣಿನ ಅರ್ಧ ಭಾರವೂ ಆಗದು. ಆದರೆ ಈ ಕಲ್ಲು ಬಾಗುವುದಿಲ್ಲ, ನೇರವಾಗಿ ಮುರಿಯುತ್ತದೆ. ಜಂತಿಗಳ ಅಂತರ ಹೆಚ್ಚಾಗಕೂಡದು.

ಸಿಮೆಂಟ್ ಸ್ಲ್ಯಾಬಿನ ಬಗ್ಗೆ ಇರುವ ನಂಬಿಕೆಯನ್ನೂ ಪ್ರಶ್ನಿಸಬೇಕಿದೆ. 12 ಸೆಂಟಿಮೀಟರ್ ಸ್ಲ್ಯಾಬು ಚದರ ಮೀಟರಿಗೆ 300 ಕಿಲೋ ತೂಗುತ್ತದೆ. ಇದು ಒಂದು ಅಡಿ ಮಣ್ಣಿಗಿಂತ ಹಗುರ. ತೊಂದರೆಯಿರುವುದು ಅದನ್ನು ಹಳೆಯ ಮಣ್ಣುಗಾರೆಯ ಗೋಡೆಯ ಮೇಲೆ ಹಾಗೆಯೇ ಸುರಿಯುವುದರಲ್ಲಿ. ಕಲ್ಲುಗೋಡೆಗೆ ಭಾರತೀಯ ಮಾನಕ 13828 ವಿಧಿಸುವ ನಿಯಮ ಸರಳ: ಗೋಡೆಯ ಪೂರ್ತಿ ದಪ್ಪಕ್ಕೆ ಚಾಚುವ ಅಡ್ಡಗಲ್ಲುಗಳು ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ 1.2 ಮೀಟರ್ ಮೀರದ ಅಂತರಕ್ಕೆ ಇರಬೇಕು. ಜೊತೆಗೆ ಮನೆಯ ಸುತ್ತ ಎಲ್ಲ ಗೋಡೆಗಳನ್ನೂ ಬಿಗಿಯುವ ಕಾಂಕ್ರೀಟ್ ಪಟ್ಟಿ ಬೇಕು. ಇವಿಲ್ಲದ ಗೋಡೆಯ ಮೇಲೆ ಸ್ಲ್ಯಾಬು ಕೂರಿಸಿದವರು ಹಣ ಖರ್ಚು ಮಾಡಿಯೂ ಅಪಾಯವನ್ನು ಉಳಿಸಿಕೊಂಡಿರುತ್ತಾರೆ. ನೀರು ನಿಲ್ಲುವ ಸ್ಲ್ಯಾಬಿನೊಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಹಕ್ಕಳೆ ಹಕ್ಕಳೆಯಾಗಿ ಕಾಂಕ್ರೀಟು ಕೆಳಗುದುರುತ್ತದೆ. ಸಮತಟ್ಟು ಎಂದು ಕರೆದರೂ 100 ಸೆಂಟಿಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಇರಲೇಬೇಕು. ಅಂಚಿನ ಕುಂಬಿ ಒಂದು ಮೀಟರಿಗಿಂತ ಗಿಡ್ಡವಿದ್ದರೆ ಮಾಳಿಗೆಯಲ್ಲಿ ಆಡುವ ಮಕ್ಕಳಿಗೆ, ನಿದ್ದೆಗಣ್ಣಲ್ಲಿ ಏಳುವವರಿಗೆ ಆಸರೆಯಿಲ್ಲ.

ಎಲ್ಲರೂ ಮನೆ ಕೆಡವಿ ಕಟ್ಟಲಾರರು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಗೆ ನಿಗದಿಯಾದ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ದನ, ಕಾಳು, ಕೂಡು ಕುಟುಂಬ ಇರುವ ಹಳೆಯ ಮನೆಗೆ ಅದು ಬದಲಿಯಾಗುವುದಿಲ್ಲ. ಆದ್ದರಿಂದ ಇರುವ ಮಾಳಿಗೆಯನ್ನೇ ಹಗುರಗೊಳಿಸುವುದು ಸಾಧ್ಯವಾದ ದಾರಿ ಎಂಬುದು ನನ್ನ ನಿಲುವು. ಹಳೆಯ ಮಣ್ಣನ್ನು ಹಲಗೆಯವರೆಗೆ ತೆಗೆಯಬೇಕು. ಒಂದೇ ಅಂಚಿನಿಂದಲ್ಲ, ಕೋಣೆಯ ಎರಡೂ ಬದಿಯಿಂದ ಸಮನಾಗಿ. ತೆಗೆದ ಮಣ್ಣನ್ನು ಅಲ್ಲೇ ಗುಡ್ಡೆ ಹಾಕದೆ ಕೂಡಲೇ ಕೆಳಗಿಳಿಸಬೇಕು, ಆ ಹೊತ್ತು ಕೆಳಗೆ ಯಾರೂ ಇರಬಾರದು. ತೊಲೆಯ ತುದಿಗಳನ್ನು ಬಿಡಿಸಿ ನೋಡಿ, ಕೊಳೆತಿದ್ದರೆ ಗೋಡೆಗೆ ಒತ್ತಿ ಹೊಸ ಕಂಬ ಕೊಡಬೇಕು. ಕಂಬಕ್ಕೂ ತೊಲೆಗೂ ಓರೆಯಾಗಿ ಕೈಮರ ಜೋಡಿಸಬೇಕು. ಆಮೇಲೆ ಹಲಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅರ್ಧ ಅಡಿ ಮೀರದ ಮಣ್ಣು. ಸೋರಿಕೆ ತಡೆಯುವ ಕೆಲಸ ಹಾಳೆಯದು, ಕಾವು ತಡೆಯುವ ಕೆಲಸ ಮಣ್ಣಿನದು. ಭಾರ ಅರ್ಧಕ್ಕಿಳಿಯುತ್ತದೆ.

ಇದಕ್ಕೆ ಬೇಕಾದ ಕೂಲಿಯನ್ನು ಉದ್ಯೋಗ ಖಾತರಿಯಂಥ ಕಾಮಗಾರಿಗಳಲ್ಲಿ ಸೇರಿಸುವ ಬಗ್ಗೆ ಸರ್ಕಾರ ಯೋಚಿಸಬೇಕು, ಗ್ರಾಮ ಪಂಚಾಯಿತಿಗಳು ಮೇ ತಿಂಗಳಲ್ಲಿ ಮಾಳಿಗೆ ಮನೆಗಳ ತಪಾಸಣೆ ನಡೆಸಬೇಕು. ಅದಾಗುವವರೆಗೆ ಗೋರ್ಟಾದ, ಬಸವಕಲ್ಯಾಣದ, ಹುಮನಾಬಾದಿನ ಮಾಳಿಗೆ ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ: ಈ ಸಲ ಸವಳು ಹಾಕುವ ಮುನ್ನ ಬೆಳಕಿಂಡಿಯ ಅಂಚಿನಲ್ಲಿ ಕೋಲಿಟ್ಟು ಮಣ್ಣಿನ ದಪ್ಪ ಅಳೆಯಿರಿ. ಒಂದು ಅಡಿ ಮುಟ್ಟಿದ್ದರೆ ಹೊಸ ಮಣ್ಣು ಹಾಕಬೇಡಿ, ಹಳೆಯದನ್ನು ಇಳಿಸಿ.